ಬೇಳೆ ಗಟ್ಟಿಯಾಗಲಿ, ಎಣ್ಣೆ ಅಳತೆಯಲ್ಲಿರಲಿ: ಪ್ರೋಟೀನ್ ಹೆಚ್ಚಿಸಿ ಕೆಟ್ಟ ಕೊಬ್ಬು ಇಳಿಸುವ ಸಮಗ್ರ ಮಾರ್ಗದರ್ಶಿ

ಅಮ್ಮನಿಗೆ 62 ವರ್ಷ. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಕೆಟ್ಟ ಕೊಲೆಸ್ಟರಾಲ್ ಏರಿತ್ತು. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿಯೇ ಇಲ್ಲ ಅನ್ನುತ್ತಿದ್ದರು. ಡಾಕ್ಟರು ಹೇಳಿದ್ದು ಎರಡೇ ಮಾತು: ಪ್ರೋಟೀನ್ ಜಾಸ್ತಿ ತಿನ್ನಿ, ಕೆಟ್ಟ ಕೊಬ್ಬು ಕಡಿಮೆ ಮಾಡಿ.

ಮನೆಗೆ ಬಂದು ನಾವು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಪನೀರ್ ತಂದೆವು, ಬಾದಾಮಿ ತಂದೆವು, ಡಬ್ಬದ ತುಂಬ ಕಡಲೆಕಾಯಿ ಬೀಜ ಹುರಿದಿಟ್ಟೆವು. ಒಂದು ತಿಂಗಳಲ್ಲಿ ಅಮ್ಮನ ತೂಕ ಎರಡು ಕೆಜಿ ಏರಿತು. ಯಾಕೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇದೆ, ನಿಜ. ಜೊತೆಗೆ 20 ಗ್ರಾಂ ಆಸುಪಾಸು ಕೊಬ್ಬೂ ಇದೆ, ಅದರಲ್ಲಿ ಹೆಚ್ಚಿನದು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟರಾಲ್ ಏರಿಸುವ ಜಾತಿಯದು. ಕಡಲೆಕಾಯಿ ಬೀಜದ ಕೊಬ್ಬು ಒಳ್ಳೆಯ ಜಾತಿಯದೇ. ಆದರೆ 100 ಗ್ರಾಂ ಬೀಜದಲ್ಲಿ ಪ್ರೋಟೀನ್ 24 ಗ್ರಾಂ ಇದ್ದರೆ ಕೊಬ್ಬು 40 ಗ್ರಾಂ ಅಥವಾ ಅದಕ್ಕೂ ಹೆಚ್ಚು. ಪ್ರೋಟೀನ್ ಒಂದು ಗ್ರಾಂಗೆ 4 ಕ್ಯಾಲೊರಿ, ಕೊಬ್ಬು ಒಂದು ಗ್ರಾಂಗೆ 9. ನಾವು ಪ್ರೋಟೀನ್ ಅಂದುಕೊಂಡು ಬಡಿಸಿದ್ದು ಬಹುಪಾಲು ಕೊಬ್ಬನ್ನೇ.

ಅಲ್ಲಿಂದ ಮೊದಲಿನಿಂದ ಶುರು ಮಾಡಿದೆವು. ಈ ಒಂದು ವರ್ಷದಲ್ಲಿ ನನಗೆ ಮನದಟ್ಟಾದದ್ದು ಇಷ್ಟು. ನಮ್ಮ ಅಡುಗೆಮನೆಯಲ್ಲಿ ಪ್ರೋಟೀನ್ ಇಲ್ಲ ಅಂತಲ್ಲ, ಅದು ಸಾರಿನ ನೀರಿನಲ್ಲಿ ತೆಳ್ಳಗಾಗಿ ಹೋಗಿದೆ. ಕೆಟ್ಟ ಕೊಬ್ಬು ಬರುವುದು ಊಟದಿಂದ ಮಾತ್ರವಲ್ಲ, ಅಳತೆ ಇಲ್ಲದ ಒಗ್ಗರಣೆಯಿಂದ ಮತ್ತು ಸಂಜೆಯ ಬೇಕರಿ ಪೊಟ್ಟಣದಿಂದ. ಹೊಸ ಪದಾರ್ಥ ಏನೂ ಬೇಡ. ಇರುವ ಅಡುಗೆಯ ಪ್ರಮಾಣ ಬದಲಾಗಬೇಕು, ಅಷ್ಟೇ.

ಶುರು ಮಾಡುವ ಮುಂಚೆ ಒಂದು ಮಾತು. ಕಿಡ್ನಿ ತೊಂದರೆ ಇರುವವರು, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಅಂಶ) ಹೆಚ್ಚಿರುವವರು, ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲು ನೋಯುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದರೆ ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿಕೊಳ್ಳಿ.

ಮೊದಲ ಹೆಜ್ಜೆ: ನಿಮಗೆಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದವರಿಗೆ ಎಷ್ಟು ಪೋಷಕಾಂಶ ಬೇಕು ಅಂತ ಲೆಕ್ಕ ಕೊಡುತ್ತದೆ. 2020ರ ಲೆಕ್ಕದ ಪ್ರಕಾರ ಆರೋಗ್ಯವಂತ ದೊಡ್ಡವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 60 ಕೆಜಿ ಇರುವವರಿಗೆ 50 ಗ್ರಾಂ. ವಯಸ್ಸಾದವರಿಗೆ, ವ್ಯಾಯಾಮ ಮಾಡುವವರಿಗೆ ಕೆಜಿಗೆ 1ರಿಂದ 1.2 ಗ್ರಾಂ ತನಕ ತಿನ್ನಿ ಎಂದು ಡಾಕ್ಟರುಗಳು ಹೇಳುವುದುಂಟು. ಅಮ್ಮನ ತೂಕ ಮೊದಲು 58 ಕೆಜಿ ಇತ್ತು. ಹಾಗಾಗಿ ದಿನಕ್ಕೆ 58 ಗ್ರಾಂ ಅಂತ ಗುರಿ ಇಟ್ಟುಕೊಂಡೆವು. ತೂಕ ತುಂಬ ಹೆಚ್ಚಿರುವವರು ಈಗಿನ ತೂಕದ ಬದಲು ತಮ್ಮ ಎತ್ತರಕ್ಕೆ ತಕ್ಕ ತೂಕ ಹಿಡಿದು ಲೆಕ್ಕ ಹಾಕಿದರೆ ಸಾಕು.

ಎರಡನೆಯ ಹೆಜ್ಜೆ: ಒಂದು ದಿನ ಸುಮ್ನೆ ಬರೆದಿಡಿ

ಏನೂ ಬದಲಾಯಿಸಬೇಡಿ. ಎಂದಿನಂತೆ ತಿನ್ನಿ, ತಿಂದದ್ದನ್ನು ಬರೆಯಿರಿ. ಅಡುಗೆಗೆ ಹಾಕುವ ಮೊದಲು ಬೇಳೆ, ಅಕ್ಕಿ, ಹಿಟ್ಟನ್ನು ಚಿಕ್ಕ ತಕ್ಕಡಿಯಲ್ಲಿ ತೂಗಿಕೊಳ್ಳಿ. ಬೆಂದ ಮೇಲೆ ತೂಗಿದರೆ ನೀರಿನ ತೂಕ ಸೇರಿ ಲೆಕ್ಕ ತಪ್ಪುತ್ತದೆ.

ಅಮ್ಮನ ಆ ದಿನದ ಪುಟ ಇನ್ನೂ ಇದೆ. ಬೆಳಿಗ್ಗೆ ಮೂರು ಇಡ್ಲಿ, ಕಾಯಿ ಚಟ್ನಿ: 7 ಗ್ರಾಂ. ಮಧ್ಯಾಹ್ನ ಅನ್ನ, ಸಾರು, ಬೀನ್ಸ್ ಪಲ್ಯ, ಮಜ್ಜಿಗೆ: ಅನ್ನದ್ದು 8, ಸಾರಿನದು 3, ಪಲ್ಯದ್ದು 2, ಮಜ್ಜಿಗೆಯದು 3. ಎರಡು ಹೊತ್ತಿನ ಕಾಫಿಯ ಹಾಲು, ಎರಡು ಬಿಸ್ಕತ್ತು: 6. ರಾತ್ರಿ ಒಂದು ರಾಗಿ ಮುದ್ದೆ, ಅದೇ ಸಾರು: 9. ಒಟ್ಟು 38 ಗ್ರಾಂ. ಇಪ್ಪತ್ತು ಗ್ರಾಂ ಕಡಿಮೆ.

ನನ್ನ ಕಣ್ಣು ನಿಂತದ್ದು ಸಾರಿನ ಮುಂದಿದ್ದ ಆ 3ರ ಮೇಲೆ. ನಮ್ಮದು ನಾಲ್ಕು ಜನರ ಮನೆ. ಎರಡೂ ಹೊತ್ತಿಗೆ ಸೇರಿ ಪಾತ್ರೆಗೆ ಹಾಕುತ್ತಿದ್ದ ತೊಗರಿಬೇಳೆ ಒಂದು ಲೋಟ, ತೂಗಿದರೆ 100 ಗ್ರಾಂ. ಅದರಲ್ಲಿರುವ ಪ್ರೋಟೀನ್ 22 ಗ್ರಾಂ. ನಾಲ್ಕು ಜನಕ್ಕೆ ಹಂಚಿ, ಮತ್ತೆ ಎರಡು ಊಟಕ್ಕೆ ಹಂಚಿದರೆ ತಟ್ಟೆಗೆ ಬರುವುದು ಮೂರು ಗ್ರಾಂ ಕೂಡ ಇಲ್ಲ. ದಿನಾ ಬೇಳೆ ಸಾರು ತಿನ್ನುತ್ತೇವೆ, ನಮಗೇನು ಪ್ರೋಟೀನ್ ಕಮ್ಮಿ ಅಂತ ಅಮ್ಮ ಹೇಳುತ್ತಿದ್ದರು. ತಿನ್ನುತ್ತಿದ್ದದ್ದು ಬೇಳೆಯ ಬಣ್ಣ, ಹುಣಸೆಹಣ್ಣು ಮತ್ತು ಸಾರಿನ ಪುಡಿ.

ಮೂರನೆಯ ಹೆಜ್ಜೆ: ಬೇಳೆ ಗಟ್ಟಿ ಮಾಡಿ, ಕಾಳು ತಟ್ಟೆಗೆ ತನ್ನಿ

ಇಡೀ ಬದಲಾವಣೆಯಲ್ಲಿ ಇದೇ ದೊಡ್ಡ ಹೆಜ್ಜೆ. ಇದೊಂದನ್ನು ಮಾಡಿದರೂ ಅರ್ಧ ಕೆಲಸ ಮುಗಿದ ಹಾಗೆ.

ಬೇಳೆಯನ್ನು ಎರಡು ಪಟ್ಟು ಮಾಡಿ. ನಾಲ್ಕು ಜನಕ್ಕೆ ಒಂದು ಹೊತ್ತಿಗೇ 100 ಗ್ರಾಂ ಹಾಕಿ. ಸಾರಿನ ಬದಲು ಹುಳಿ ಮಾಡಿ, ಮಸೊಪ್ಪು ಮಾಡಿ, ತೊವ್ವೆ ಮಾಡಿ. ಬಡಿಸುವಾಗ ಸೌಟಿನ ಲೆಕ್ಕ ಇಟ್ಟುಕೊಳ್ಳಿ. ಅನ್ನ ಒಂದು ಸೌಟು ಕಡಿಮೆ, ಬೇಳೆ ಒಂದು ಸೌಟು ಹೆಚ್ಚು. ಅನ್ನಕ್ಕೆ ಸಾರು ಕಲಸಿಕೊಳ್ಳುವ ನಾವು ಇನ್ನು ಬೇಳೆಗೆ ಅನ್ನ ಕಲಸಿಕೊಳ್ಳಬೇಕು.

ಯಾವುದರಲ್ಲಿ ಎಷ್ಟಿದೆ ಎಂಬ ಅಂದಾಜು ಇರಲಿ. ತೊಗರಿ, ಕಡಲೆ, ಹೆಸರು, ಉದ್ದು, ಅಲಸಂದೆ, ಹುರುಳಿ, ಇವೆಲ್ಲ ಹಸಿಯಾಗಿ 100 ಗ್ರಾಂಗೆ ಹೆಚ್ಚೂಕಡಿಮೆ 20ರಿಂದ 24 ಗ್ರಾಂ ಪ್ರೋಟೀನ್ ಕೊಡುತ್ತವೆ. ಇವುಗಳಲ್ಲಿ ಕೊಬ್ಬು ಬಹಳ ಕಡಿಮೆ, ಹೆಚ್ಚಿನವಕ್ಕೆ 1ರಿಂದ 2 ಗ್ರಾಂ, ಕಡಲೆಗೆ 5 ಗ್ರಾಂ ಹತ್ತಿರ. ಅದಕ್ಕೆ ಹೋಲಿಸಿದರೆ ಅಕ್ಕಿಯಲ್ಲಿ 8, ರಾಗಿಯಲ್ಲಿ 7, ಗೋಧಿ ಹಿಟ್ಟಿನಲ್ಲಿ 10ರಿಂದ 11. ಸೋಯಾ ಚಂಕ್ಸ್ ಎಲ್ಲಕ್ಕಿಂತ ಮುಂದಿದೆ. ಎಣ್ಣೆ ತೆಗೆದ ಸೋಯಾದಿಂದ ಮಾಡುವುದರಿಂದ 100 ಗ್ರಾಂಗೆ 50 ಗ್ರಾಂ ದಾಟುವ ಪ್ರೋಟೀನ್ ಇದೆ, ಕೊಬ್ಬು ಹೆಸರಿಗೆ ಮಾತ್ರ. 25 ಗ್ರಾಂ ಒಣ ಚಂಕ್ಸನ್ನು ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ ಸಾಗುಗೆ ಹಾಕಿದರೆ 13 ಗ್ರಾಂ ಸಿಕ್ಕಂತೆ. ಅಮ್ಮನಿಗೆ ಅದರ ವಾಸನೆ ಹಿಡಿಸಲಿಲ್ಲ. ವಾರಕ್ಕೊಮ್ಮೆ ಪಲಾವಿಗೆ ಹಾಕಿದರೆ ಮಾತ್ರ ತಿನ್ನುತ್ತಾರೆ. ಒತ್ತಾಯ ಮಾಡಲಿಲ್ಲ, ಕಾಳು ಇದೆಯಲ್ಲ.

ಬಸ್ಸಾರು ಈ ಕೆಲಸಕ್ಕೆ ಹೇಳಿ ಮಾಡಿಸಿದ ಅಡುಗೆ. ಕಾಳು ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡುತ್ತೇವೆ. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ಎರಡೂ ಒಂದೇ ತಟ್ಟೆಗೆ ಬರುತ್ತವೆ. ಇಲ್ಲಿ ಗಮನ ಇಡಬೇಕಾದದ್ದು ಪಲ್ಯದ ಕಡೆ. ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ, ಕಟ್ಟಿನಲ್ಲಿ ಇರುವುದು ಸ್ವಲ್ಪ. ಮಲೆನಾಡಿನ ಕಡೆ ಹುರುಳಿ ಬೇಯಿಸಿ ಕಟ್ಟನ್ನು ಸಾರಿಗೆ ತೆಗೆದುಕೊಂಡು ಬೆಂದ ಕಾಳನ್ನು ದನಕ್ಕೆ ಹಾಕುವ ರೂಢಿ ಇತ್ತು. ಕಟ್ಟಿನ ರುಚಿ ನಮಗೆ, ಕಾಳಿನ ಶಕ್ತಿ ದನಕ್ಕೆ! ಈಗ ಹುರುಳಿ ಸಾರು ಮಾಡಿದ ದಿನ ನಾವು ಆ ಕಾಳಿಗೆ ಈರುಳ್ಳಿ, ಒಣಮೆಣಸು ಹಾಕಿ ಉಸ್ಲಿ ಮಾಡುತ್ತೇವೆ, ಇಲ್ಲವೇ ಅರ್ಧ ಕಾಳನ್ನು ರುಬ್ಬಿ ಸಾರಿಗೇ ಬೆರೆಸುತ್ತೇವೆ.

ಉತ್ತರ ಕರ್ನಾಟಕದವರ ಕೆಲಸ ಇನ್ನೂ ಸುಲಭ. ಜೋಳದ ರೊಟ್ಟಿ ಬಡಿಯಲು ಎಣ್ಣೆಯೇ ಬೇಡ. ಜೊತೆಗೆ ಮಡಿಕೆ ಕಾಳು ಪಲ್ಯ, ಹೆಸರುಕಾಳು ಪಲ್ಯ, ಮೊಸರು ಇರುತ್ತವೆ. ಅಲ್ಲಿ ನೋಡಿಕೊಳ್ಳಬೇಕಾದದ್ದು ಪಲ್ಯದ ಮೇಲೆ ತೇಲುವ ಎಣ್ಣೆ. ಶೇಂಗಾ ಚಟ್ನಿ ಪುಡಿಗೆ ಹಸಿ ಎಣ್ಣೆ ಸುರಿದುಕೊಳ್ಳುವ ಬದಲು ಮೊಸರು ಹಾಕಿಕೊಂಡು ತಿಂದು ನೋಡಿ, ಬಾಯಿಗೆ ಒಪ್ಪುತ್ತದೆ. ಅಗಸಿ ಚಟ್ನಿ ದಿನಾ ಒಂದು ಚಮಚ ಇರಲಿ. ಅದರಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಜಾತಿಯ ಕೊಬ್ಬಿದೆ.

ಕಾಳು ಹೆಚ್ಚಿದರೆ ಹೊಟ್ಟೆ ಉಬ್ಬರ ಬರುತ್ತದೆ, ನಿಜ. ಬಹಳ ಜನ ಮೂರನೆಯ ದಿನಕ್ಕೇ ಬಿಡುವುದು ಇದಕ್ಕೇ. ಹಾಗಾಗಿ ಮೊದಲ ವಾರ ಬರೀ ಹೆಸರುಬೇಳೆ ಹೆಚ್ಚಿಸಿ, ಅದು ಹಗುರ. ಎರಡನೆಯ ವಾರ ಮೊಳಕೆ ಹೆಸರುಕಾಳು, ಅಲಸಂದೆ. ಕಡಲೆ, ರಾಜ್ಮಾ ಆಮೇಲೆ. ಇಡೀ ಕಾಳನ್ನು ಎಂಟು ಹತ್ತು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ. ಇಂಗು, ಶುಂಠಿ ಧಾರಾಳವಾಗಿ ಹಾಕಿ. ನೀರು ಚೆನ್ನಾಗಿ ಕುಡಿಯಿರಿ.

ಬೇಳೆಯ ಪ್ರೋಟೀನ್ ಪೂರ್ತಿ ಅಲ್ಲವಂತೆ ಹೌದಾ ಅಂತ ನನ್ನ ತಂಗಿ ಕೇಳಿದಳು. ಬೇಳೆಯ ಪ್ರೋಟೀನಿನಲ್ಲಿ ಮೆಥಿಯೋನಿನ್ ಎಂಬ ಅಂಶ ಕಡಿಮೆ, ಅಕ್ಕಿ ರಾಗಿ ಜೋಳದ್ದರಲ್ಲಿ ಲೈಸಿನ್ ಎಂಬ ಇನ್ನೊಂದು ಅಂಶ ಕಡಿಮೆ. ಎರಡನ್ನೂ ಒಂದೇ ದಿನದಲ್ಲಿ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆ ಸಾರು, ರೊಟ್ಟಿ ಪಲ್ಯ, ಇಡ್ಲಿಯಲ್ಲಿ ಅಕ್ಕಿ ಉದ್ದು ಸೇರಿರುವುದು, ಎಲ್ಲ ಇದೇ ಜೋಡಿ.

ನುಚ್ಚಿನುಂಡೆ: ಒಂದು ಪಾಠದಂತೆ ಮಾಡಿ ನೋಡಿ

ಎಣ್ಣೆ ಇಲ್ಲದೆ ಬೇಳೆ ತಿನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ. ವಡೆಯ ರುಚಿ ಹತ್ತಿರ ಹತ್ತಿರ ಇದೆ, ಕರಿಯುವ ಮಾತಿಲ್ಲ.

150 ಗ್ರಾಂ ತೊಗರಿಬೇಳೆ, 50 ಗ್ರಾಂ ಕಡಲೆಬೇಳೆ ಸೇರಿಸಿ ಮೂರು ನಾಲ್ಕು ಗಂಟೆ ನೆನೆಸಿ. ನೀರು ಪೂರ್ತಿ ಸೋರಲು ಅರ್ಧ ಗಂಟೆ ಜಾಲರಿಯಲ್ಲಿ ಬಿಡಿ. ಈ ಅರ್ಧ ಗಂಟೆ ತಪ್ಪಿಸಬೇಡಿ. ನೀರು ಉಳಿದರೆ ಉಂಡೆ ನಿಲ್ಲುವುದಿಲ್ಲ. ಮಿಕ್ಸಿಗೆ ಹಸಿಮೆಣಸು, ಶುಂಠಿ ಹಾಕಿ ಮೊದಲು ತಿರುಗಿಸಿ, ಆಮೇಲೆ ಬೇಳೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಹನಿ ನೀರೂ ಬೇಡ. ತರಿತರಿಯಾಗಿರಬೇಕು, ಅಲ್ಲಲ್ಲಿ ಇಡೀ ಬೇಳೆ ಕಣ್ಣಿಗೆ ಬೀಳಬೇಕು. ನುಣ್ಣಗಾದರೆ ಬೆಂದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಒಂದು ಕಂತೆ ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ. ಕೊತ್ತಂಬರಿ, ಕರಿಬೇವು, ಜೀರಿಗೆ, ಇಂಗು, ಉಪ್ಪು ಸೇರಿಸಿ. ತೆಂಗಿನಕಾಯಿ ತುರಿ ಎರಡು ಚಮಚ ಸಾಕು. ಕೈಯಲ್ಲಿ ಕಲಸಿ, ಮುಷ್ಟಿಯಲ್ಲಿ ಹಿಡಿದು ಒತ್ತಿ. ಬೆರಳಿನ ಗುರುತು ಉಂಡೆಯ ಮೇಲೆ ಹಾಗೇ ಉಳಿದರೆ ಹದ ಸರಿ ಇದೆ. ಇಷ್ಟರಲ್ಲಿ ಹದಿನಾರು ಉಂಡೆ ಬರುತ್ತವೆ. ಇಡ್ಲಿ ತಟ್ಟೆಗೆ ಒಂದೆರಡು ಹನಿ ಎಣ್ಣೆ ಸವರಿ, ಹಬೆಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ಚಾಕುವಿನ ತುದಿ ಚುಚ್ಚಿದರೆ ಅಂಟದೆ ಬರಬೇಕು. ಮುಚ್ಚಳ ತೆಗೆದಾಗ ಸಬ್ಬಸಿಗೆಯ ಘಮ ಹಜಾರದ ತನಕ ಬರುತ್ತದೆ.

ಒಬ್ಬರಿಗೆ ನಾಲ್ಕು ಉಂಡೆ ಅಂದರೆ 11 ಗ್ರಾಂ ಪ್ರೋಟೀನ್. ಮಜ್ಜಿಗೆ ಹುಳಿ ಜೊತೆ ತಿಂದರೆ ಇನ್ನೂ ಎರಡು ಮೂರು ಗ್ರಾಂ ಸೇರುತ್ತದೆ. ಉಂಡೆ ಮುರಿದು ಮೇಲೆ ತುಪ್ಪ ಸುರಿಯುವುದು ನಮ್ಮ ರೂಢಿ. ಸುರಿಯಬೇಡಿ, ಟೀ ಚಮಚದಲ್ಲಿ ಅರ್ಧ ಹಾಕಿ. ಉಳಿದ ಉಂಡೆಯನ್ನು ಮರುದಿನ ಪುಡಿ ಮಾಡಿ ಈರುಳ್ಳಿ ಒಗ್ಗರಣೆ ಹಾಕಿದರೆ ಬೆಳಗಿನ ತಿಂಡಿಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಹಾಲು, ಮೊಟ್ಟೆ, ಮೀನು, ಮಾಂಸ

ಹಾಲಿನ ಪ್ಯಾಕೆಟ್ ಬದಲಾಯಿಸುವುದು ಇಡೀ ಪಟ್ಟಿಯಲ್ಲಿ ಅತ್ಯಂತ ಸುಲಭದ ಕೆಲಸ. ಫುಲ್ ಕ್ರೀಮ್ ಹಾಲಿನಲ್ಲಿ ಕೊಬ್ಬು ಶೇ. 6, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5, ಟೋನ್ಡ್‌ನಲ್ಲಿ 3, ಡಬಲ್ ಟೋನ್ಡ್‌ನಲ್ಲಿ 1.5. ಪ್ರೋಟೀನ್ ಮಾತ್ರ ಎಲ್ಲದರಲ್ಲೂ ಹೆಚ್ಚೂಕಡಿಮೆ ಒಂದೇ, 100 ಮಿಲಿಗೆ 3 ಗ್ರಾಂ ಚಿಲ್ಲರೆ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು. ಅರ್ಧ ಲೀಟರ್ ಫುಲ್ ಕ್ರೀಮ್ ಬಿಟ್ಟು ಅರ್ಧ ಲೀಟರ್ ಟೋನ್ಡ್ ತಂದರೆ 15 ಗ್ರಾಂ ಕೊಬ್ಬು ಅಲ್ಲೇ ಇಳಿಯಿತು. ಕಾಯಿಸಿ ಆರಿದ ಮೇಲೆ ಕೆನೆ ತೆಗೆದರೆ ಇನ್ನೂ ಇಳಿಯುತ್ತದೆ. ಆ ಕೆನೆ ಕೂಡಿಟ್ಟು ತುಪ್ಪ ಕಾಯಿಸಿ ತಿಂದುಬಿಟ್ಟರೆ ಲೆಕ್ಕ ಮತ್ತೆ ಅಲ್ಲಿಗೇ ಬರುತ್ತದೆ, ಅದು ನೆನಪಿರಲಿ.

ಪನೀರ್ ಇಷ್ಟ ಇದ್ದವರು ಟೋನ್ಡ್ ಹಾಲನ್ನು ಮನೆಯಲ್ಲೇ ಒಡೆಸಿ ಮಾಡಿಕೊಳ್ಳಿ. ಅಥವಾ ಟೋನ್ಡ್ ಹಾಲಿನ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಸೋಸಲು ಬಿಡಿ. ಗಟ್ಟಿ ಮೊಸರಿಗೆ ಸೌತೆಕಾಯಿ, ಮೆಣಸಿನ ಪುಡಿ ಹಾಕಿದರೆ ಚಪಾತಿಗೆ ಬೇರೆ ನಂಜಿಕೆ ಬೇಡ. ಸೋರಿದ ನೀರನ್ನು ಚೆಲ್ಲಬೇಡಿ, ಸ್ವಲ್ಪ ಪ್ರೋಟೀನ್ ಅದರಲ್ಲೂ ಇದೆ. ಚಪಾತಿ ಹಿಟ್ಟು ಕಲಸಲು ಬಳಸಿ.

ಮೊಟ್ಟೆ ಒಂದರಲ್ಲಿ 6 ಗ್ರಾಂ ಪ್ರೋಟೀನ್. ಕೊಬ್ಬು 5 ಗ್ರಾಂ ಇದೆ, ಅದೆಲ್ಲ ಹಳದಿಯಲ್ಲಿ. ಆರೋಗ್ಯವಂತರು ದಿನಕ್ಕೆ ಒಂದು ಇಡೀ ಮೊಟ್ಟೆ ತಿನ್ನಬಹುದು. ಇನ್ನೂ ಬೇಕೆಂದರೆ ಬಿಳಿ ಭಾಗ ಮಾತ್ರ ಸೇರಿಸಿ. ಕೊಲೆಸ್ಟರಾಲ್, ಸಕ್ಕರೆ ಇರುವವರು ವಾರಕ್ಕೆ ಎಷ್ಟು ಎಂದು ತಮ್ಮ ಡಾಕ್ಟರನ್ನೇ ಕೇಳಿ. ಅಮ್ಮನಿಗೆ ಅವರು ದಿನ ಬಿಟ್ಟು ದಿನ ಒಂದು ಎಂದಿದ್ದಾರೆ. ಬೇಯಿಸಿದ ಮೊಟ್ಟೆಗೂ ಎಣ್ಣೆಯಲ್ಲಿ ತೇಲಿಸಿದ ಆಮ್ಲೆಟ್‌ಗೂ ಬಹಳ ವ್ಯತ್ಯಾಸ ಇದೆ.

ಕೋಳಿಯಲ್ಲಿ ಚರ್ಮ ತೆಗೆಸಿ, ಎದೆ ಭಾಗ ಕೇಳಿ. 100 ಗ್ರಾಂ ಹಸಿ ಮಾಂಸಕ್ಕೆ 22 ಗ್ರಾಂ ಹತ್ತಿರ ಪ್ರೋಟೀನ್, ಕೊಬ್ಬು ಎರಡು ಮೂರು ಗ್ರಾಂ ಅಷ್ಟೇ. ಮಟನ್ ತಿಂಗಳಿಗೆ ಒಂದೆರಡು ಸಲಕ್ಕೆ ಇರಲಿ. ಕಣ್ಣಿಗೆ ಕಾಣುವ ಬಿಳಿ ಕೊಬ್ಬನ್ನು ಕತ್ತರಿಸಿ ತೆಗೆಯಿರಿ. ಸಾರನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಕೊಬ್ಬು ಮೇಲೆ ಹಾಳೆಯಂತೆ ಗಟ್ಟಿಯಾಗಿರುತ್ತದೆ. ಚಮಚದಲ್ಲಿ ಎತ್ತಿ ತೆಗೆದು ಬಿಸಿ ಮಾಡಿ. ರುಚಿ ಏನೂ ಹೋಗುವುದಿಲ್ಲ, ಒಂದು ರಾತ್ರಿ ಕಳೆದ ಸಾರು ಇನ್ನೂ ರುಚಿ.

ಕರಾವಳಿಯವರಿಗೆ ಭೂತಾಯಿ, ಬಂಗುಡೆ ಇವೆ. ಇವು ಜಿಡ್ಡಿನ ಮೀನುಗಳೇ, ಆದರೆ ಆ ಜಿಡ್ಡಿನಲ್ಲಿ ಹೃದಯಕ್ಕೆ ಬೇಕಾದ ಒಮೆಗಾ-3 ಇದೆ, ಹೆದರಬೇಡಿ. ಹೆದರಬೇಕಾದದ್ದು ರವೆ ಹಚ್ಚಿ ಕರಿಯುವುದಕ್ಕೆ. ಹುಳಿ ಖಾರದ ಪುಳಿಮುಂಚಿ ಮಾಡಿದರೆ ಕಾಯಿಯ ಅರಪ್ಪೂ ಬೇಡ, ಎಣ್ಣೆಯೂ ಹೆಚ್ಚು ಬೇಡ.

ಐದನೆಯ ಹೆಜ್ಜೆ: ಕೆಟ್ಟ ಕೊಬ್ಬು ಎಲ್ಲೆಲ್ಲಿದೆ?

ಎಲ್ಲ ಕೊಬ್ಬೂ ಕೆಟ್ಟದ್ದಲ್ಲ, ಪೂರ್ತಿ ಬಿಡುವುದೂ ತಪ್ಪು. ಎರಡು ಜಾತಿಯ ಮೇಲೆ ಕಣ್ಣಿಡಬೇಕು.

ಒಂದು ಟ್ರಾನ್ಸ್ ಕೊಬ್ಬು. ಎಣ್ಣೆಯನ್ನು ಕಾರ್ಖಾನೆಯಲ್ಲಿ ಅರೆಬರೆ ಗಟ್ಟಿ ಮಾಡುವಾಗ ಹುಟ್ಟುತ್ತದೆ. ವನಸ್ಪತಿ, ಬೇಕರಿ ಶಾರ್ಟನಿಂಗ್ ಇದರ ಹಳೆಯ ಮನೆ. ಇದು ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬಿನ ಪದಾರ್ಥಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ದಾಟಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ. ಅದು ಒಳ್ಳೆಯ ಕೆಲಸ. ಆದರೂ ಇದಕ್ಕೆ ಸುರಕ್ಷಿತ ಪ್ರಮಾಣ ಅಂತ ಇಲ್ಲ, ಆದಷ್ಟು ಸೊನ್ನೆಗೆ ತನ್ನಿ. ಪಫ್ಸ್, ಖಾರಾ ಬಿಸ್ಕತ್ತು, ಕ್ರೀಮ್ ಬನ್, ದಿಲ್‌ಪಸಂದ್ ವಾರಕ್ಕೆ ಐದು ದಿನ ಬರುತ್ತಿದ್ದರೆ ಒಂದು ದಿನಕ್ಕೆ ಇಳಿಸಿ.

ಇನ್ನೊಂದು ಸ್ಯಾಚುರೇಟೆಡ್ ಕೊಬ್ಬು. ದಿನದ ಕ್ಯಾಲೊರಿಯಲ್ಲಿ ಇದು ಶೇ. 10 ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 22 ಗ್ರಾಂ, ಅಮ್ಮನಂತೆ 1600 ತಿನ್ನುವವರಿಗೆ 18 ಗ್ರಾಂ ಒಳಗೆ. ಈಗ ಅಡುಗೆಮನೆ ನೋಡಿ. ಕೊಬ್ಬರಿ ಎಣ್ಣೆ ಒಂದು ದೊಡ್ಡ ಚಮಚದಲ್ಲಿ 11ರಿಂದ 12 ಗ್ರಾಂ. ತುಪ್ಪ ಒಂದು ದೊಡ್ಡ ಚಮಚದಲ್ಲಿ 8ರಿಂದ 9 ಗ್ರಾಂ. ತಾಳೆ ಎಣ್ಣೆಯಿಂದ ಮಾಡುವ ಪಾಮೊಲಿನ್‌ನಲ್ಲಿ ಹತ್ತಿರಹತ್ತಿರ ಅರ್ಧ ಭಾಗ ಇದೇ. ಕುರುಕಲು ಪೊಟ್ಟಣಗಳಲ್ಲಿ, ಬಿಸ್ಕತ್ತಿನಲ್ಲಿ ಹೆಚ್ಚಾಗಿ ಇರುವುದು ತಾಳೆ ಎಣ್ಣೆ.

ತೆಂಗಿನ ಬಗ್ಗೆ ಬರೆಯುವಾಗ ನನಗೂ ಕಷ್ಟವಾಗುತ್ತದೆ. ಕಾಯಿ ಇಲ್ಲದ ಅಡುಗೆ ನಮ್ಮಲ್ಲಿ ಅಡುಗೆಯೇ ಅಲ್ಲ. ಬಿಡಿ ಅಂತ ಹೇಳುವುದಿಲ್ಲ. ನಾವು ಮಾಡಿಕೊಂಡದ್ದು ಹೀಗೆ. ಕೊಬ್ಬರಿ ಎಣ್ಣೆಯನ್ನು ದಿನದ ಅಡುಗೆಯಿಂದ ತೆಗೆದು, ಅವಿಯಲು ಮಾಡಿದ ದಿನ ಮಾತ್ರ ಒಂದು ಚಿಕ್ಕ ಚಮಚ ಮೇಲೆ ಹಾಕುತ್ತೇವೆ. ಹುಳಿಗೆ ಅರ್ಧ ಹೋಳು ಕಾಯಿ ರುಬ್ಬುವ ಕಡೆ ಕಾಲು ಹೋಳು ಕಾಯಿ, ಒಂದು ಹಿಡಿ ಹುರಿಗಡಲೆ. ಚಟ್ನಿಗೂ ಅಷ್ಟೇ. ಹುರಿಗಡಲೆಯಿಂದ ಪ್ರೋಟೀನೂ ಬಂತು, ಗಟ್ಟಿಯೂ ಆಯಿತು. ಬೇಳೆಯೇ ಎರಡು ಪಟ್ಟಾಗಿರುವುದರಿಂದ ಹುಳಿ ದಪ್ಪಗಾಗಲು ಕಾಯಿ ಮೊದಲಿನಷ್ಟು ಬೇಕಾಗುವುದೂ ಇಲ್ಲ. ತುಪ್ಪ ದಿನಕ್ಕೆ ಒಂದು ಟೀ ಚಮಚ, ಅನ್ನದ ಮೇಲೆ, ಘಮ ಸಿಗುವ ಕಡೆ. ಒಗ್ಗರಣೆಗೆ, ದೋಸೆಗೆ ತುಪ್ಪ ಇಲ್ಲ.

ಇಲ್ಲಿ ಒಂದು ತಪ್ಪು ಮಾಡಬೇಡಿ. ತುಪ್ಪ, ಬೆಣ್ಣೆ ಬಿಟ್ಟು ಆ ಜಾಗಕ್ಕೆ ಇನ್ನೊಂದು ಸೌಟು ಅನ್ನ, ಸಕ್ಕರೆ, ಮೈದಾ ಬಂದರೆ ಏನೂ ಗಳಿಸಿದಂತಾಗಲಿಲ್ಲ. ಆ ಜಾಗಕ್ಕೆ ಬರಬೇಕಾದದ್ದು ಕಾಳು, ತರಕಾರಿ, ಒಂದು ಹಿಡಿ ಕಡಲೆಕಾಯಿ ಬೀಜ ಅಥವಾ ಬಾದಾಮಿ. ಹಿಡಿ ಅಂದರೆ 30 ಗ್ರಾಂ. ಡಬ್ಬ ಮುಂದಿಟ್ಟುಕೊಂಡು ತಿನ್ನಬೇಡಿ, ಬಟ್ಟಲಿಗೆ ಹಾಕಿಕೊಂಡು ಡಬ್ಬ ಮುಚ್ಚಿಡಿ.

ಆರನೆಯ ಹೆಜ್ಜೆ: ಎಣ್ಣೆಗೆ ತಾರೀಖು ಬರೆಯಿರಿ

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ 2000 ಕ್ಯಾಲೊರಿಯ ದಿನದ ಊಟಕ್ಕೆ ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ. ಅಂದರೆ ಐದಾರು ಟೀ ಚಮಚ. ತಿಂಗಳಿಗೆ ಒಬ್ಬರಿಗೆ 800 ಗ್ರಾಂ ಚಿಲ್ಲರೆ. ನಾಲ್ಕು ಜನರಿದ್ದ ನಮ್ಮ ಮನೆಗೆ ತಿಂಗಳಿಗೆ ಐದು ಲೀಟರ್ ಕ್ಯಾನ್ ಬೇಕಿತ್ತು, ತುಪ್ಪ ಬೇರೆ. ಹೊರಗೆ ತಿಂದದ್ದು ಇನ್ನೂ ಬೇರೆ.

ದಿನಾ ಅಳೆಯುವುದು ಆಗದ ಮಾತು. ಅದಕ್ಕೆ ಕ್ಯಾನ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದೆವು. ಐದು ಲೀಟರ್ ಎರಡು ತಿಂಗಳು ಬರಬೇಕು ಅಂತ ಗುರಿ. ಮೊದಲ ಸಲ 41 ದಿನಕ್ಕೆ ಮುಗಿಯಿತು. ಎರಡನೆಯದು 52 ದಿನ ಬಂತು. ಮೂರನೆಯದು 63.

ಏನೇನು ಬದಲಾಯಿಸಿದೆವು ಅಂದರೆ, ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟೆವು. ಎಣ್ಣೆ ಡಬ್ಬದಲ್ಲಿ ಟೀ ಚಮಚ ಒಂದನ್ನೇ ಇಟ್ಟೆವು, ಸೌಟು ತೆಗೆದೆವು. ಸಾಸಿವೆ ಸಿಡಿಯಲು ಎಣ್ಣೆ ಕಾಯಬೇಕೇ ಹೊರತು ತುಂಬಿರಬೇಕಾಗಿಲ್ಲ. ಪುಟ್ಟ ಒಗ್ಗರಣೆ ಸೌಟಿನಲ್ಲಿ ಒಂದು ಚಮಚ ಎಣ್ಣೆ ಹಾಕಿ ಓರೆ ಹಿಡಿದರೆ ಸಾಸಿವೆ, ಉದ್ದಿನಬೇಳೆ, ಕರಿಬೇವು ಎಲ್ಲ ಅದರಲ್ಲೇ ಆಗುತ್ತದೆ. ದೋಸೆಗೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜುತ್ತೇವೆ. ಪಳಗಿದ ಕಬ್ಬಿಣದ ಕಾವಲಿ ಆದರೆ ಮೇಲಿಂದ ಎಣ್ಣೆ ಬಿಡುವುದೇ ಬೇಡ. ಪಲ್ಯವನ್ನು ಎಣ್ಣೆಯಲ್ಲಿ ಬಾಡಿಸುವ ಬದಲು ಮುಚ್ಚಿ ಹಬೆಯಲ್ಲಿ ಬೇಯಿಸಿ ಕೊನೆಗೆ ಒಗ್ಗರಣೆ ಕೊಡಿ.

ಯಾವ ಎಣ್ಣೆ? ಕಡಲೆಕಾಯಿ, ಸೂರ್ಯಕಾಂತಿ, ಕುಸುಬೆ, ಎಳ್ಳು, ಸಾಸಿವೆ, ಯಾವುದಾದರೂ ಸರಿ, ತಿಂಗಳಿಗೊಮ್ಮೆ ಬದಲಾಯಿಸಿ. ಗಾಣದ ಎಣ್ಣೆ ಅಂತ ಎರಡು ಪಟ್ಟು ಬಳಸಿದರೆ ಕ್ಯಾಲೊರಿಯೂ ಎರಡು ಪಟ್ಟು. ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಇಡಬೇಡಿ. ಹಬ್ಬದ ದಿನ ಕರಿಯಿರಿ, ತಿನ್ನಿ, ಸಂತೋಷವಾಗಿರಿ. ಉಳಿದ ಎಣ್ಣೆಯನ್ನು ಎರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ.

ಏಳನೆಯ ಹೆಜ್ಜೆ: ದಿನವನ್ನು ಹೊಸದಾಗಿ ಜೋಡಿಸಿ

ಅಮ್ಮನ ಈಗಿನ ಒಂದು ದಿನ ಹೀಗಿದೆ. ಬೆಳಿಗ್ಗೆ 50 ಗ್ರಾಂ ಹೆಸರುಬೇಳೆಯ ದೋಸೆ ಎರಡು, ಹುರಿಗಡಲೆ ಚಟ್ನಿ: 14 ಗ್ರಾಂ. ಮಧ್ಯಾಹ್ನ 70 ಗ್ರಾಂ ಅಕ್ಕಿಯ ಅನ್ನ, ಗಟ್ಟಿ ಹುಳಿ, ಹೆಸರುಬೇಳೆ ಕೋಸಂಬರಿ, ಒಂದು ಬಟ್ಟಲು ಮೊಸರು: 20. ಸಂಜೆ ಬಿಸ್ಕತ್ತಿನ ಜಾಗದಲ್ಲಿ ಒಂದು ಹಿಡಿ ಕಡಲೆಕಾಳು ಉಸ್ಲಿ, ಎರಡು ಹೊತ್ತಿನ ಕಾಫಿ ಸೇರಿ: 10. ರಾತ್ರಿ ಸಣ್ಣ ಮುದ್ದೆ, ಹುರುಳಿಕಾಳು ಸಾರು ಕಾಳಿನ ಸಮೇತ: 10. ಮೊಟ್ಟೆ ಇದ್ದ ದಿನ 6 ಸೇರಿ 60, ಇಲ್ಲದ ದಿನ ಮಲಗುವ ಮುಂಚೆ ಒಂದು ಲೋಟ ಹಾಲು. ಎಣ್ಣೆ ಒಟ್ಟು ನಾಲ್ಕು ಟೀ ಚಮಚ.

ಗಮನಿಸಿ, ಎಲ್ಲವನ್ನೂ ರಾತ್ರಿಗೆ ಸುರಿದಿಲ್ಲ. ಪ್ರತಿ ಹೊತ್ತಿಗೂ ಸ್ವಲ್ಪ ಸ್ವಲ್ಪ ಇದೆ. ನಮ್ಮಲ್ಲಿ ಬೆಳಗಿನ ತಿಂಡಿಯೇ ಸೊರಗಿರುವುದು. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ ಎಲ್ಲ ಬರೀ ಹಿಟ್ಟಿನಂಶ. ಉಪ್ಪಿಟ್ಟಿಗೆ ಅವರೆಕಾಳು ಹಾಕಿ, ಅವಲಕ್ಕಿಯ ಪಕ್ಕ ಮೊಳಕೆಕಾಳು ಇಡಿ, ಚಿತ್ರಾನ್ನದ ದಿನ ದೊಡ್ಡ ಬಟ್ಟಲು ಮೊಸರು ಇರಲಿ.

ಹೊರಗೆ ತಿನ್ನುವಾಗ, ಪೊಟ್ಟಣ ಕೊಳ್ಳುವಾಗ

ದರ್ಶಿನಿಯಲ್ಲಿ ಇಡ್ಲಿ ವಡೆ ಬದಲು ಇಡ್ಲಿ ಮಾತ್ರ ತೆಗೆದುಕೊಂಡು ಸಾಂಬಾರನ್ನು ಎರಡು ಸಲ ಹಾಕಿಸಿಕೊಳ್ಳಿ. ದೋಸೆಗೆ ಎಣ್ಣೆ ಕಡಿಮೆ, ಬೆಣ್ಣೆ ಬೇಡ ಅಂದರೆ ಹಾಗೇ ಮಾಡಿಕೊಡುತ್ತಾರೆ, ಕೇಳಲು ಸಂಕೋಚ ಬೇಡ.

ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಮೊದಲ ಮೂರರಲ್ಲಿ ತಾಳೆ ಎಣ್ಣೆ, ವನಸ್ಪತಿ, ಹೈಡ್ರೋಜಿನೇಟೆಡ್ ಕೊಬ್ಬು ಕಂಡರೆ ವಾಪಸ್ ಇಡಿ. ಪ್ರೋಟೀನ್ ಬಿಸ್ಕತ್ತು, ಪ್ರೋಟೀನ್ ಬಾರ್ ಅಂತ ಮುಂದೆ ದಪ್ಪಕ್ಷರದಲ್ಲಿ ಬರೆದಿದ್ದರೂ ಹಿಂದೆ ತಿರುಗಿಸಿ ನೋಡಿ. ಪ್ರೋಟೀನಿನ ಅಂಕಿ ಸ್ಯಾಚುರೇಟೆಡ್ ಕೊಬ್ಬಿನ ಅಂಕಿಯ ಮೂರು ಪಟ್ಟಾದರೂ ಇರಬೇಕು ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ. ಸಕ್ಕರೆಯ ಸಾಲನ್ನೂ ಓದಿ.

ಪ್ರೋಟೀನ್ ಪುಡಿ? ಪೋಷಣಾ ಸಂಸ್ಥೆಯ ಅದೇ 2024ರ ಮಾರ್ಗಸೂಚಿ ಮೈಕಟ್ಟು ಬೆಳೆಸಲು ಅಂತ ಪುಡಿ ತಿನ್ನುವುದು ಬೇಡ ಎನ್ನುತ್ತದೆ. ಊಟ ಸೇರದ ರೋಗಿಗಳಿಗೆ ಡಾಕ್ಟರು ಬರೆದುಕೊಟ್ಟರೆ ಅದು ಬೇರೆ ವಿಷಯ.

ಕೊನೆಯ ಹೆಜ್ಜೆ: ಪರೀಕ್ಷೆ

ಪ್ರೋಟೀನ್ ತಿಂದು ಕೂತರೆ ಸ್ನಾಯು ಬೆಳೆಯುವುದಿಲ್ಲ. ಅಮ್ಮ ದಿನಾ ಅರ್ಧ ಗಂಟೆ ನಡೆಯುತ್ತಾರೆ. ಅದರ ಜೊತೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ, ಬೆಳಿಗ್ಗೆ ಸಂಜೆ ಮಾಡುತ್ತಾರೆ. ಶುರುವಿನಲ್ಲಿ ನಾಲ್ಕಕ್ಕೇ ಸುಸ್ತಾಗುತ್ತಿದ್ದರು.

ಮೂರು ತಿಂಗಳು ಬಿಟ್ಟು ಲಿಪಿಡ್ ಪರೀಕ್ಷೆ, ಅಂದರೆ ರಕ್ತದ ಕೊಲೆಸ್ಟರಾಲ್ ಮತ್ತು ಕೊಬ್ಬಿನ ಪರೀಕ್ಷೆ, ಮತ್ತೆ ಮಾಡಿಸಿ. ಹೋಗುವಾಗ ಹಳೆಯ ರಿಪೋರ್ಟ್ ಜೊತೆ ಒಂದು ವಾರ ಏನು ತಿಂದಿರಿ ಅಂತ ಬರೆದ ಹಾಳೆಯನ್ನೂ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ಮಾತನಾಡಲು ಅನುಕೂಲ. ಕೊಲೆಸ್ಟರಾಲ್ ಮಾತ್ರೆ ತಿನ್ನುತ್ತಿರುವವರು ಅಂಕಿ ಇಳಿದಿದೆ ಎಂದು ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಊಟ ಬದಲಾಯಿಸಿದ್ದನ್ನು ಹೇಳಿ, ಮಾತ್ರೆಯ ವಿಷಯ ಅವರಿಗೇ ಬಿಡಿ.